ರೇಟು ಕೇಳುವವರೆಲ್ಲ ಗಿರಾಕಿಗಳಲ್ಲ

ಬೋಳು ಪುಟ. ನಡುವೆ ಒಂದು ಪೆಟ್ಟಿಗೆ, ಪಕ್ಕದಲ್ಲಿ ಒಂದು ಗುಂಡಿ. ಜನ ಜಾಲದಲ್ಲಿ ಹುಡುಕುವ ಯಾವುದಾದರೂ ಎರಡು ಮೂರು ಪದಗಳನ್ನು ಪೆಟ್ಟಿಗೆಯಲ್ಲಿ ಬರೆದು ಗುಂಡಿ ಒತ್ತಿದರೆ ಸೊನ್ನೆಗೂ ಒಂದಕ್ಕೂ ನಡುವಿನ ಒಂದು ಸಂಖ್ಯೆ ಬರುತ್ತಿತ್ತು. ಒಂದರ ಹತ್ತಿರ ಹೋದಷ್ಟೂ ಆ ಪದಗಳ ಹಿಂದೆ ವ್ಯಾಪಾರದ ಮನಸ್ಸಿದೆ ಎಂದರ್ಥ. ಸೊನ್ನೆಯ ಕಡೆ ಇಳಿದಷ್ಟೂ ಬರೀ ಕುತೂಹಲ. ಮೈಕ್ರೋಸಾಫ್ಟ್‌ನ ಆಡ್‌ಸೆಂಟರ್ ಲ್ಯಾಬ್ಸ್ ಎಂಬ ಜಾಹೀರಾತು ಪ್ರಯೋಗಶಾಲೆ ಒಂದು ಕಾಲಕ್ಕೆ ಇದನ್ನು ಯಾರು ಬೇಕಾದರೂ ಬಳಸಲಿ ಎಂದು ತೆರೆದಿಟ್ಟಿತ್ತು. ಅಫಿಲಿಯೇಟ್ ಮಾರ್ಕೆಟಿಂಗ್ ಮಾಡುವವರಿಗೆ ಅದು ಕವಡೆ ಶಾಸ್ತ್ರದ ಹಾಗಾಗಿತ್ತು. ಕೀವರ್ಡ್ ಪಟ್ಟಿ ಹಿಡಿದು ಕೂತು ಒಂದೊಂದನ್ನೇ ಹಾಕುವುದು, 0.9 ಬಂದರೆ ಹಿಗ್ಗುವುದು, 0.2 ಬಂದರೆ ಜೋಲು ಮುಖ ಹಾಕುವುದು.

ಅಫಿಲಿಯೇಟ್ ಎಂದರೆ ನಮ್ಮ ಮಾತಿನಲ್ಲಿ ಕಮಿಷನ್ ಏಜೆಂಟ್. ಸರಕು ಅವನದಲ್ಲ, ಗೋಡೌನ್ ಅವನದಲ್ಲ. ಅವನು ಮಾಡುವುದಿಷ್ಟೇ: ಜನರನ್ನು ಅಂಗಡಿಯ ಬಾಗಿಲಿಗೆ ತಲುಪಿಸುವುದು. ಬಂದವರು ಕೊಂಡರೆ ಶೇಕಡಾ ಇಷ್ಟು ಅಂತ ಕೈಗೆ ಸೇರುತ್ತದೆ. ಕೊಳ್ಳದೆ ಹೋದರೆ ಕಾಸಿಲ್ಲ. ಅಮೆಜಾನ್ 1996ರಲ್ಲಿ ಪುಸ್ತಕ ಮಾರುತ್ತಿದ್ದ ದಿನಗಳಲ್ಲೇ ಅಸೋಸಿಯೇಟ್ಸ್ ಎಂಬ ಹೆಸರಿನಲ್ಲಿ ಈ ಪದ್ಧತಿ ಶುರುಮಾಡಿತು. ಲೆಕ್ಕ ಹೀಗೆ ಹಾಕಿ ನೋಡಿ. ಒಂದು ಕ್ಲಿಕ್ಕಿಗೆ 4 ರೂಪಾಯಿ ಕೊಟ್ಟು ಜಾಹೀರಾತು ಹಾಕಿ 100 ಜನರನ್ನು ಕರೆತಂದಿರಿ ಅನ್ನೋಣ. ಖರ್ಚು 400 ರೂಪಾಯಿ. ಮಾರುವ ಮಿಕ್ಸಿಗೆ 3000 ರೂಪಾಯಿ, ನಿಮ್ಮ ಕಮಿಷನ್ ಶೇ 4, ಅಂದರೆ ಒಂದಕ್ಕೆ 120. ನೂರರಲ್ಲಿ ಮೂವರು ಕೊಂಡರೆ ನಿಮಗೆ 40 ರೂಪಾಯಿ ನಷ್ಟ, ನಾಲ್ವರು ಕೊಂಡರೆ 80 ರೂಪಾಯಿ ಲಾಭ. ಆ ನಾಲ್ಕನೆಯವನು ಎಲ್ಲಿದ್ದಾನೆ ಎಂದು ಮೊದಲೇ ಗೊತ್ತಾದರೆ ಸಂಸಾರ ನಡೆಯುತ್ತದೆ. ಈ ದಂಧೆಯ ಕಷ್ಟಸುಖವೆಲ್ಲ ಅವನೊಬ್ಬನ ಮೇಲೆ ನಿಂತಿದೆ.

ದಾವಣಗೆರೆಯಲ್ಲಿ ನಮ್ಮ ಸೋದರಮಾವನ ಸೀರೆ ಅಂಗಡಿ ಇತ್ತು. ಬೇಸಿಗೆ ರಜೆಯಲ್ಲಿ ನನಗೆ ಅಲ್ಲಿ ಬಿಚ್ಚಿದ ಸೀರೆ ಮಡಿಸುವ ಕೆಲಸ. ಒಂದು ಮಧ್ಯಾಹ್ನ ಒಬ್ಬ ಹೆಂಗಸು ಅತಿ ದುಬಾರಿ ಸೀರೆಗಳನ್ನೇ ಕೇಳಿ ಕೇಳಿ ತೆಗೆಸಿ, ಒಂದೊಂದರ ರೇಟೂ ವಿಚಾರಿಸಿ, ಸೆರಗು ಹಿಡಿದು ನೋಡಿ, "ಆಮೇಲೆ ಬರ್ತೀವಿ" ಅಂತ ಹೊರಟುಹೋದರು. ಹಾಸಿನ ಮೇಲೆ ಸೀರೆಗಳ ಗುಡ್ಡೆ. ಮೂಲೆಯಲ್ಲಿ ಕೂತಿದ್ದ ಇನ್ನೊಬ್ಬರು ಮಾತೇ ಆಡಿರಲಿಲ್ಲ. ಕೊನೆಗೆ, "ಇದು ಬಣ್ಣ ಬಿಡುತ್ತಾ?" ಅಂದರು. ಮಾವ ತಕ್ಷಣ ಬಿಲ್ ಪುಸ್ತಕದ ಕಡೆ ಕೈ ಚಾಚಿದ. ರಾತ್ರಿ ಬಾಗಿಲು ಎಳೆಯುವಾಗ ಕೇಳಿದೆ, ಅವರು ಕೊಳ್ತಾರೆ ಅಂತ ನಿನಗೆ ಹೇಗೆ ಗೊತ್ತಾಯ್ತು ಮಾವ ಅಂತ. "ರೇಟು ಕೇಳೋರೆಲ್ಲ ಗಿರಾಕಿ ಅಲ್ಲಪ್ಪ. ಬಣ್ಣ ಬಿಡುತ್ತಾ, ಫಾಲ್ ಹಾಕಿಕೊಡ್ತೀರಾ, ಬ್ಲೌಸ್ ಪೀಸ್ ಇದರಲ್ಲೇ ಬರುತ್ತಾ ಅಂತಾರಲ್ಲ, ಅವರು ಆಗಲೇ ಮನಸ್ಸಿನಲ್ಲಿ ಉಟ್ಟುಕೊಂಡಿರ್ತಾರೆ," ಅಂದ.

ಮಾವನಿಗೆ ಗಿರಾಕಿಯ ಮುಖ ಕಾಣುತ್ತಿತ್ತು, ಕೈ ಕಾಣುತ್ತಿತ್ತು, ಅವಳ ಜೊತೆಗೆ ಬಂದ ಅವಳ ಅತ್ತೆಯ ಮುಖವೂ ಕಾಣುತ್ತಿತ್ತು. ಸರ್ಚ್ ಎಂಜಿನ್ನಿಗೆ ಕಾಣುವುದು ಎರಡು ಮೂರು ಪದ ಮಾತ್ರ. ಅಷ್ಟರಲ್ಲೇ ಗಿರಾಕಿಯನ್ನು ಗುರುತಿಸುವ ವಿದ್ಯೆಯನ್ನು ಜನ ಒಂದೇ ದಿನ, ಒಂದೇ ಜಾಗದಲ್ಲಿ ಕಂಡುಕೊಂಡದ್ದಲ್ಲ. ಒಬ್ಬ ವ್ಯಾಪಾರಿ, ಒಬ್ಬ ಕಂಪ್ಯೂಟರ್ ವಿಜ್ಞಾನಿ, ಆಮೇಲೆ ಒಂದು ಸಂಶೋಧಕರ ತಂಡ ಮೂರು ಬೇರೆ ಬೇರೆ ದಿಕ್ಕಿನಿಂದ ಅದರ ಹತ್ತಿರ ಬಂದರು.

ವ್ಯಾಪಾರಿ ಬಿಲ್ ಗ್ರಾಸ್. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಐಡಿಯಾಲ್ಯಾಬ್ ಎಂಬ ಕಂಪನಿ ಇಟ್ಟುಕೊಂಡು ಕಂಪನಿಗಳನ್ನೇ ಹುಟ್ಟಿಸುತ್ತಿದ್ದವನು. ತೊಂಬತ್ತರ ದಶಕದ ಕೊನೆಗೆ ಸರ್ಚ್ ಎಂಜಿನ್‌ಗಳ ಸ್ಥಿತಿ ಸಂತೆಯಲ್ಲಿ ಜೇಬುಗಳ್ಳರು ತುಂಬಿದಂತಿತ್ತು. ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನು ನೂರು ಸಲ ಬರೆದು ಬಚ್ಚಿಟ್ಟರೆ ಸಾಕು, ಪುಟ ಮೇಲಕ್ಕೇರುತ್ತಿತ್ತು. ಕಾರು ಹುಡುಕಿದವನಿಗೆ ಇನ್ನೇನೋ ಸಿಗುತ್ತಿತ್ತು. ಗ್ರಾಸ್ ಹಾಕಿದ ಮದ್ದು ಸರಳ. ಮೇಲೆ ಬರಬೇಕಾದರೆ ದುಡ್ಡು ಕೊಡು. ಅದೂ ಪುಟ ಕಂಡದ್ದಕ್ಕಲ್ಲ, ಯಾರಾದರೂ ಒತ್ತಿ ಒಳಗೆ ಬಂದರೆ ಮಾತ್ರ. ಸಂಬಂಧವಿಲ್ಲದವನನ್ನು ದುಡ್ಡು ಕೊಟ್ಟು ಕರೆಸಿಕೊಳ್ಳುವ ಮೂರ್ಖ ಯಾರೂ ಇರುವುದಿಲ್ಲ ಎಂಬುದು ಅವನ ತರ್ಕ. ಗೋಟು ಡಾಟ್ ಕಾಮ್ ಎಂಬ ಹೆಸರಿನಲ್ಲಿ 1998ರಲ್ಲಿ ಹರಾಜು ಶುರುವಾಯಿತು. ಒಂದು ಸೆಂಟಿನಿಂದ ಕೂಗಬಹುದಿತ್ತು. ಸ್ವಾರಸ್ಯವೆಂದರೆ, ಯಾರು ಎಷ್ಟು ಕೂಗಿದ್ದಾರೆ ಎಂಬುದೂ ಫಲಿತಾಂಶದ ಪಕ್ಕದಲ್ಲೇ ಎಲ್ಲರಿಗೂ ಕಾಣುವಂತೆ ಅಚ್ಚಾಗಿರುತ್ತಿತ್ತು. ಆ ವರ್ಷ ಟೆಡ್ ಸಮ್ಮೇಳನದ ವೇದಿಕೆಯಲ್ಲಿ ಅವನು ಇದನ್ನು ಬಿಚ್ಚಿಟ್ಟಾಗ ಮೂಗು ಮುರಿದವರೇ ಹೆಚ್ಚು. ಹುಡುಕಾಟದ ಉತ್ತರವನ್ನು ಮಾರುವುದೇ, ಛೆ!

ಗ್ರಾಸ್ ಹುಡುಕಲು ಹೊರಟದ್ದು ಕಸ ಗುಡಿಸುವ ಉಪಾಯವನ್ನು. ಸಿಕ್ಕಿದ್ದು ಮಾತ್ರ ಬೇರೆ: ಪದಗಳಿಗೆ ಬೆಲೆಪಟ್ಟಿ. ಒಂದು ಪದಕ್ಕೆ 50 ಸೆಂಟು ಕೂಗಿದ ವ್ಯಾಪಾರಿ ತಿಂಗಳ ಕೊನೆಗೆ ಲೆಕ್ಕ ನೋಡುತ್ತಾನೆ. ಮಾರಾಟವಾಗಿಲ್ಲವೆಂದರೆ 20ಕ್ಕೆ ಇಳಿಯುತ್ತಾನೆ, ಆಗಿದ್ದರೆ 60ಕ್ಕೆ ಏರುತ್ತಾನೆ. ಹೀಗೆ ನೂರಾರು ಜನ ತಮ್ಮ ತಮ್ಮ ಖಾತೆ ಪುಸ್ತಕ ನೋಡಿಕೊಂಡು ಕೂಗಿದಾಗ ಆ ಪದದ ಮೇಲೆ ನಿಲ್ಲುವ ಬೆಲೆ ಒಬ್ಬರ ಅಭಿಪ್ರಾಯವಾಗಿ ಉಳಿಯುವುದಿಲ್ಲ, ಎಲ್ಲರ ಅನುಭವದ ಸಾರವಾಗುತ್ತದೆ. ಯಾವ ಪದದ ಹಿಂದೆ ಗಿರಾಕಿ ಇದ್ದಾನೆ ಎಂದು ಯಾರೂ ಯಾರಿಗೂ ಹೇಳಿಕೊಡಲಿಲ್ಲ, ಬೆಲೆಯೇ ಹೇಳಿತು. ಮುಂದೆ ಗೋಟು ಓವರ್ಚರ್ ಎಂದು ಹೆಸರು ಬದಲಿಸಿತು, 2003ರಲ್ಲಿ ಯಾಹೂ ಅದನ್ನು 163 ಕೋಟಿ ಡಾಲರಿಗೆ ಕೊಳ್ಳುವ ಮಾತಾಯಿತು. ಗೂಗಲ್ 2002ರಲ್ಲಿ ತನ್ನ ಜಾಹೀರಾತು ವ್ಯವಸ್ಥೆಯಾದ ಆಡ್‌ವರ್ಡ್ಸ್‌ಗೆ ಕ್ಲಿಕ್ ಹರಾಜನ್ನು ತಂದು, ಓವರ್ಚರ್ ಜೊತೆ ಪೇಟೆಂಟ್ ಜಗಳವಾಗಿ, 2004ರಲ್ಲಿ ಯಾಹೂಗೆ 27 ಲಕ್ಷ ಷೇರು ಕೊಟ್ಟು ರಾಜಿಯಾಯಿತು. ಅದು ಬೇರೆಯದೇ ಕತೆ.

ಆದರೆ ಈ ಬೆಲೆಪಟ್ಟಿಯೊಳಗೆ ಒಂದು ಮೋಸವಿದೆ. ಅಮೆರಿಕದಲ್ಲಿ ಬಹಳ ಕಾಲ ಅತಿ ದುಬಾರಿ ಪದಗಳಲ್ಲಿ ಒಂದು ಮೆಸೊಥೀಲಿಯೋಮ. ಕಲ್ನಾರಿನ ಧೂಳಿನಿಂದ ಬರುವ ಕ್ಯಾನ್ಸರಿನ ಹೆಸರು ಅದು. ಅದನ್ನು ಟೈಪ್ ಮಾಡುವವರು ಯಾವ ಸಾಮಾನನ್ನೂ ಕೊಳ್ಳಲು ಬಂದವರಲ್ಲ, ಮನೆಯಲ್ಲಿ ಯಾರಿಗೋ ರೋಗ ಗೊತ್ತಾಗಿ ಕಂಗಾಲಾದವರು. ಪರಿಹಾರದ ಮೊಕದ್ದಮೆ ಒಂದು ಸಿಕ್ಕರೆ ವಕೀಲರಿಗೆ ಬರುವ ಶುಲ್ಕ ಭಾರಿ, ಹಾಗಾಗಿ ಅವರು ಒಂದು ಕ್ಲಿಕ್ಕಿಗೆ ಹತ್ತಾರು ಡಾಲರ್ ಕೂಗುತ್ತಿದ್ದರು. ಅಂದರೆ ಬೆಲೆಯಲ್ಲಿ ಎರಡು ಸಂಗತಿ ಕಲೆಸಿಹೋಗಿದೆ: ಕೊಳ್ಳುವ ಸಾಧ್ಯತೆ ಎಷ್ಟು, ಕೊಂಡರೆ ಬರುವ ಲಾಭ ಎಷ್ಟು. ಹಾಲಿಗೆ ನೀರು ಬೆರೆಸಿದ ಮೇಲೆ ಕಣ್ಣಳತೆಯಲ್ಲಿ ಬೇರ್ಪಡಿಸಲಾಗುವುದಿಲ್ಲ.

ಕಂಪ್ಯೂಟರ್ ವಿಜ್ಞಾನಿಯ ದಾರಿ ಇನ್ನೂ ನೇರ. ಹುಡುಕುವವರನ್ನೇ ಕೇಳಿಬಿಡುವುದು. ಆಂಡ್ರೇ ಬ್ರೋಡರ್ ರುಮೇನಿಯಾದಲ್ಲಿ ಹುಟ್ಟಿ, ಇಸ್ರೇಲಿನಲ್ಲಿ ಓದಿ, ಸ್ಟ್ಯಾನ್‌ಫರ್ಡ್‌ನಲ್ಲಿ ಡೊನಾಲ್ಡ್ ಕ್ನೂತ್ ಅವರ ಬಳಿ ಡಾಕ್ಟರೇಟ್ ಮಾಡಿದವರು, ಆಗ ಅಲ್ಟಾವಿಸ್ಟಾ ಎಂಬ ಸರ್ಚ್ ಎಂಜಿನ್ ಕಂಪನಿಯಲ್ಲಿದ್ದರು. ಅಲ್ಲಿಯವರೆಗೆ ಮಾಹಿತಿ ಹುಡುಕಾಟದ ಶಾಸ್ತ್ರವೆಲ್ಲ ಗ್ರಂಥಾಲಯದಿಂದ ಬಂದದ್ದು. ಹುಡುಕುವವನಿಗೆ ಏನೋ ತಿಳಿಯಬೇಕಿದೆ, ಅದಕ್ಕೇ ಹುಡುಕುತ್ತಾನೆ ಎಂಬುದು ಅದರ ನಂಬಿಕೆ. ಜಾಲದಲ್ಲಿ ಇದು ಸುಳ್ಳು ಎಂಬ ಗುಮಾನಿ ಬ್ರೋಡರ್‌ಗೆ. 2001ರಲ್ಲಿ ಅಲ್ಟಾವಿಸ್ಟಾಗೆ ಬಂದ ಕೆಲವರ ಮುಂದೆ ಒಂದು ಪ್ರಶ್ನಾವಳಿ ತೆರೆದುಕೊಳ್ಳುವಂತೆ ಮಾಡಿದರು. ಈ ಹುಡುಕಾಟ ಯಾಕೆ ಮಾಡಿದಿರಿ? ಮೂರು ಸಾವಿರಕ್ಕೂ ಹೆಚ್ಚು ಉತ್ತರಗಳು ಬಂದವು. ಇದರ ಜೊತೆಗೆ ಹುಡುಕಾಟಗಳ ದಾಖಲೆಯಾದ ಲಾಗ್‌ನಿಂದ ಹೆಕ್ಕಿದ 400 ಹುಡುಕಾಟಗಳನ್ನು ಕೂತು ಕಣ್ಣಾರೆ ಓದಿ ವಿಂಗಡಿಸಿದರು. ಈ ಕೆಲಸ 2002ರಲ್ಲಿ ಪ್ರಬಂಧವಾಗಿ ಬಂತು. ಹುಡುಕಾಟ ಮೂರು ಬಗೆ ಎಂದು ಅದು ಹೇಳಿತು: ಗೊತ್ತಿರುವ ಒಂದು ತಾಣಕ್ಕೆ ಹೋಗುವುದು, ಏನನ್ನಾದರೂ ತಿಳಿಯುವುದು, ಏನನ್ನಾದರೂ ಮಾಡುವುದು. ಲಾಗ್ ಓದಿದಾಗ ತಿಳಿಯಲು ಹುಡುಕಿದ್ದು ಸುಮಾರು ಅರ್ಧದಷ್ಟು ಮಾತ್ರ.

ಇವತ್ತು ಕೀವರ್ಡ್ ಪಾಠ ಹೇಳುವವರೆಲ್ಲ ಈ ಮೂರನ್ನು ಗಿಣಿಪಾಠದಂತೆ ಒಪ್ಪಿಸುತ್ತಾರೆ, ಮೂರನೆಯದನ್ನು ಕೊಳ್ಳುವುದು ಎಂದು ಅನುವಾದಿಸಿಕೊಂಡಿರುತ್ತಾರೆ. ಬ್ರೋಡರ್ ಹೇಳಿದ್ದು ಹಾಗಲ್ಲ. ಹಾಡು ಇಳಿಸಿಕೊಳ್ಳುವುದು, ಆಟ ಆಡುವುದು ಎಲ್ಲವೂ ಅದರಲ್ಲೇ ಬರುತ್ತದೆ. ಪ್ರಶ್ನಾವಳಿಯ ಅಂಕಿಗಳನ್ನೇ ನೋಡಿ. ಫೈಲ್ ಇಳಿಸಿಕೊಳ್ಳಲು ಬಂದವರು ಶೇ 22ಕ್ಕೂ ಹೆಚ್ಚು. ಜಾಲದಲ್ಲೇ ಕೊಳ್ಳಲು ಬಂದವರು ಶೇ 8ರಷ್ಟು. ಇನ್ನೊಂದು ಶೇ 5ರಷ್ಟು ಜನ ಕೊಳ್ಳುವವರೇ, ಆದರೆ ಕೊಳ್ಳುವುದು ಹೊರಗಿನ ಅಂಗಡಿಯಲ್ಲಿ! ಇಲ್ಲಿ ವಿವರ ನೋಡಿಕೊಂಡು ಪಕ್ಕದ ಬೀದಿಯಲ್ಲಿ ಚೌಕಾಸಿ ಮಾಡುವ ಜಾಣರು. ಅಫಿಲಿಯೇಟ್ ಪಾಲಿಗೆ ಇವರಿಂದ ಬಿಡಿಗಾಸೂ ಇಲ್ಲ.

ಬ್ರೋಡರ್ ಪ್ರಬಂಧದಲ್ಲಿ ಎಲ್ಲರೂ ಹಾರಿಸಿ ಓದುವ ಮಾತು ಒಂದಿದೆ. ಹುಡುಕಿದ ಪದಗಳನ್ನಷ್ಟೇ ಹಿಡಿದು ಹುಡುಕಿದವನ ಮನಸ್ಸನ್ನು ಖಚಿತವಾಗಿ ಹೇಳಲು ಬರುವುದಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದರು. ನಾಲ್ಕು ನೂರನ್ನು ಕಣ್ಣಿಟ್ಟು ಓದಿದ ಮನುಷ್ಯನಿಗೇ ಹೀಗಾದರೆ ದಿನಕ್ಕೆ ಕೋಟಿಗಟ್ಟಲೆ ಹುಡುಕಾಟ ನುಂಗುವ ಯಂತ್ರದ ಪಾಡೇನು?

ಮೇ 2006, ಸ್ಕಾಟ್ಲೆಂಡಿನ ಎಡಿನ್‌ಬರೊ. ವರ್ಲ್ಡ್ ವೈಡ್ ವೆಬ್ ಸಮ್ಮೇಳನದಲ್ಲಿ ಮೈಕ್ರೋಸಾಫ್ಟ್‌ನ ತಂಡವೊಂದು ಪ್ರಬಂಧ ಮಂಡಿಸಿತು. ಹೊಂಗ್‌ಹುವಾ ಡಾಯ್, ಜಾಯ್‌ಚಿಂಗ್ ನೀ, ಯಿಂಗ್ ಲೀ ಮೊದಲಾದವರು ಬರೆದದ್ದು. ಆನ್‌ಲೈನ್ ಕಮರ್ಷಿಯಲ್ ಇಂಟೆನ್ಷನ್ ಎಂದು ಅವರು ಇಟ್ಟ ಹೆಸರು ಓಸಿಐ ಎಂದು ಮೊಟಕಾಯಿತು. ನಾನು ಮೊದಲು ಹೇಳಿದ ಬೋಳು ಪುಟದ ಹಿಂದೆ ಇದ್ದದ್ದು ಇದೇ.

ಅವರು ತೊಡಕನ್ನು ತಲೆಕೆಳಗು ಮಾಡಿದರು. ಎರಡೇ ಪದದಲ್ಲಿ ಮನಸ್ಸು ತಿಳಿಯುವುದಿಲ್ಲವೇ? ಸರಿ, ಪದವನ್ನು ನೋಡುವುದೇ ಬೇಡ. ಅದನ್ನು ಸರ್ಚ್ ಎಂಜಿನ್ನಿಗೆ ಕೊಡಿ, ಬಂದ ಉತ್ತರವನ್ನು ಓದಿ. ಒಂದು ಹುಡುಕಾಟಕ್ಕೆ ಬಂದ ಪುಟದ ತುಂಬ ಬೆಲೆ, ರಿಯಾಯಿತಿ, ಮಾದರಿ ಸಂಖ್ಯೆ ಇದ್ದರೆ ಅಲ್ಲೊಂದು ಬಜಾರು ನೆರೆದಿದೆ ಎಂದಾಯಿತು. ಬರೀ ಇತಿಹಾಸ, ವ್ಯಾಖ್ಯಾನ, ಪಠ್ಯ ಇದ್ದರೆ ಅದು ಶಾಲೆ. ಜನರಿಂದ ಮೊದಲು ಕೆಲವನ್ನು ವಿಂಗಡಿಸಿ ಗುರುತು ಹಾಕಿಸಿ, ಆ ಗುರುತುಗಳನ್ನು ತೋರಿಸಿ ಯಂತ್ರಕ್ಕೆ ಪಾಠ ಮಾಡಿದರು. ಎರಡು ದಾರಿ ಪ್ರಯತ್ನಿಸಿದರು. ಒಂದು, ಮೇಲಿನ ತಾಣಗಳನ್ನೇ ತೆರೆದು ಒಳಗಿನದನ್ನು ಓದಿಸುವುದು. ಇನ್ನೊಂದು, ತಾಣ ತೆರೆಯದೆ ಫಲಿತಾಂಶದ ಪುಟವನ್ನು, ಅಲ್ಲಿ ಕಾಣುವ ತಲೆಬರಹ ಮತ್ತು ತುಂಡು ವಾಕ್ಯಗಳನ್ನಷ್ಟೇ ಓದಿಸುವುದು. ಹೆಚ್ಚು ಓದಿದವನು ಗೆಲ್ಲಬೇಕಿತ್ತಲ್ಲ? ಗೆದ್ದದ್ದು ಎರಡನೆಯದು. ತಾಣದ ಒಳಗೆ ಹೋದರೆ ಮೆನು, ಅಡಿಟಿಪ್ಪಣಿ, ಹಾಳುಮೂಳು ಎಲ್ಲ ಸೇರಿ ಯಂತ್ರದ ತಲೆ ಕೆಡುತ್ತದೆ ಎಂಬುದು ನನ್ನ ಅಂದಾಜು. ಬಾಗಿಲಲ್ಲಿ ನಿಂತು ಬೋರ್ಡ್ ಓದಿದವನಿಗೇ ಬೀದಿಯ ಗುಣ ಚೆನ್ನಾಗಿ ತಿಳಿಯಿತು.

ಇದರ ಜೊತೆಗೆ ಆ ತಂಡದ ಕಣ್ಣಿಗೆ ಇನ್ನೊಂದು ಸಂಗತಿಯೂ ಬಿತ್ತು. ಹೆಚ್ಚು ಹೆಚ್ಚು ಜನ ಹುಡುಕುವ ಪದಗಳಲ್ಲೇ ವ್ಯಾಪಾರದ ಉದ್ದೇಶ ಹೆಚ್ಚು. ಇದು ಅಫಿಲಿಯೇಟ್ ಪಂಡಿತರಿಗೆ ಕಸಿವಿಸಿಯಾಗುವ ಮಾತು. ಉದ್ದುದ್ದ, ಅಪರೂಪದ ಕೀವರ್ಡ್ ಹಿಡಿ, ಅಲ್ಲೇ ಗಿರಾಕಿ ಸಿಗುವುದು ಎಂದು ಅವರು ಹೇಳಿಕೊಂಡು ಬಂದಿದ್ದರು. ಇಬ್ಬರ ಮಾತೂ ನಿಜವಾಗಬಹುದು. ಹೇಗೆ ಎಂಬುದಕ್ಕೆ ಉತ್ತರ ಅದೇ ಪ್ರಬಂಧದ ಒಂದು ಕಡೆಗಣಿಸಿದ ಮೂಲೆಯಲ್ಲಿದೆ.

ಆ ತಂಡ ವ್ಯಾಪಾರದ ಮನಸ್ಸನ್ನು ಮತ್ತೆ ಎರಡು ಹಂತವಾಗಿ ಸೀಳಿತ್ತು. ವಿಚಾರಿಸುವ ಹಂತ, ನಿರ್ಧರಿಸಿ ಕೈಹಾಕುವ ಹಂತ. ಮೊದಲನೆಯವರು ನಮ್ಮ ಅಂಗಡಿಯಲ್ಲಿ ದುಬಾರಿ ಸೀರೆ ತೆಗೆಸಿದ ಹೆಂಗಸು, ಎರಡನೆಯವರು ಬಣ್ಣ ಬಿಡುತ್ತಾ ಎಂದವರು. ಇಬ್ಬರೂ ಸೀರೆ ಅಂಗಡಿಗೇ ಬಂದವರು, ಇಬ್ಬರ ಉದ್ದೇಶವೂ ವ್ಯಾಪಾರದ್ದೇ. ಆ ಸಲಕರಣೆಯಲ್ಲಿ ಹಾಕಿದ್ದರೆ ಇಬ್ಬರಿಗೂ 0.9 ಬರುತ್ತಿತ್ತೇನೋ. ಬಹಳ ಜನ ಹುಡುಕುವ ಪದಗಳು ಮೊದಲ ಹಂತದವು ಎಂದಾದರೆ, ಅಪರೂಪದ ಉದ್ದ ಪದಗಳಲ್ಲಿ ಎರಡನೆಯವರು ಸಿಕ್ಕುವುದರಲ್ಲಿ ವಿರೋಧವೇನೂ ಇಲ್ಲ. ಆ ಸಂಖ್ಯೆ ಉತ್ತರಿಸುತ್ತಿದ್ದ ಪ್ರಶ್ನೆ, ಈ ಪದದ ಸುತ್ತ ವ್ಯಾಪಾರ ಇದೆಯೇ ಎಂಬುದು. ಅಫಿಲಿಯೇಟ್ ಅದನ್ನು ಓದಿಕೊಂಡದ್ದು, ನೂರಕ್ಕೆ ತೊಂಬತ್ತು ಜನ ಕೊಳ್ಳುತ್ತಾರೆ ಎಂದು. ದುಡ್ಡು ಹೋದದ್ದು ಈ ಎರಡು ಪ್ರಶ್ನೆಗಳ ನಡುವಿನ ಸಂದಿಯಲ್ಲಿ. ನನ್ನದೂ ಸ್ವಲ್ಪ ಹೋಗಿದೆ. ಆ ಲೆಕ್ಕ ಇಲ್ಲಿ ಬೇಡ.

ಮಿಕ್ಸಿಯನ್ನೇ ತೆಗೆದುಕೊಳ್ಳಿ. "ಮಿಕ್ಸಿ ಹೇಗೆ ಕೆಲಸ ಮಾಡುತ್ತದೆ" ಎಂದವನು ಶಾಲೆಯ ಹುಡುಗ, ಅವನನ್ನು ಬಿಡಿ. "ಯಾವ ಮಿಕ್ಸಿ ಒಳ್ಳೆಯದು" ಎಂದವರು ವಿಚಾರಿಸುವವರು. ಅವರಲ್ಲಿ ಒಂದಿಷ್ಟು ಜನ ನಿನ್ನೆಯೇ ಕೊಂಡು, ಟೋಪಿ ಬಿತ್ತೇ ಎಂದು ಇವತ್ತು ನೋಡುವವರೂ ಇರುತ್ತಾರೆ. "750 ವ್ಯಾಟ್ ಮಿಕ್ಸಿಯಲ್ಲಿ ದೋಸೆ ಹಿಟ್ಟು ರುಬ್ಬಬಹುದಾ" ಎಂದಾಗ ಕಿವಿ ನಿಮಿರಬೇಕು. ಇದು ಬಣ್ಣ ಬಿಡುತ್ತಾ ಎಂಬುದರ ತಂಗಿ. ಬೆಲೆ ಎಂಬ ಪದವೇ ಇದರಲ್ಲಿ ಇಲ್ಲ, ಆದರೆ ಕೇಳಿದವರು ಆಗಲೇ ಅದನ್ನು ಅಡುಗೆಕಟ್ಟೆಯ ಮೇಲೆ ಇಟ್ಟು ನೋಡುತ್ತಿದ್ದಾರೆ. ಇನ್ನು "ಮಿಕ್ಸಿ ಜಾರ್ ಸೋರುತ್ತಿದೆ" ಎಂಬುದು ಬರೀ ದೂರಿನಂತೆ ಕಾಣುತ್ತದೆ. ಅವರು ಖಂಡಿತ ಏನೋ ಕೊಳ್ಳುತ್ತಾರೆ. ಕೊಳ್ಳುವುದು ಒಂದು ವಾಷರ್, ಅದರ ಕಮಿಷನ್ನಿನಲ್ಲಿ ಒಂದು ಲೋಟ ಚಹಾ ಬರುವುದಿಲ್ಲ.

ಇಂಥ ಪದಗಳನ್ನು ತಮ್ಮ ತಾಣದ ದಾಖಲೆಯಲ್ಲೇ ಓದಿ, ಯಾವ ಪದದಿಂದ ಬಂದವನು ಕೊಂಡ ಎಂದು ತಾಳೆ ನೋಡುವ ಅನುಕೂಲ ಒಂದು ಕಾಲದಲ್ಲಿ ತಾಣ ನಡೆಸುವವರಿಗೆಲ್ಲ ಇತ್ತು. ಗೂಗಲ್ 2011ರಲ್ಲಿ ಅದನ್ನು ಮುಚ್ಚಲು ಶುರುಮಾಡಿ 2013ರ ಹೊತ್ತಿಗೆ ಹೆಚ್ಚುಕಡಿಮೆ ಪೂರ್ತಿ ಮುಚ್ಚಿತು. ಮೈಕ್ರೋಸಾಫ್ಟ್‌ನ ಜಾಹೀರಾತು ವ್ಯವಸ್ಥೆಯಾದ ಆಡ್‌ಸೆಂಟರ್‌ನ ಹೆಸರು ಎರಡು ಸಲ ಬದಲಾಯಿತು, ಆ ಬೋಳು ಪುಟವೂ ಈಗಿಲ್ಲ. ಉಳಿದಿರುವುದು ಗೂಗಲ್‌ನ ಕೀವರ್ಡ್ ಪ್ಲಾನರ್‌ನಲ್ಲಿ ಪದದ ಮುಂದೆ ಬರುವ ಹರಾಜಿನ ದರ, ಅಂದರೆ ಬಿಲ್ ಗ್ರಾಸ್‌ನ ಹಳೆಯ ಬೆಲೆಪಟ್ಟಿಯ ಮೊಮ್ಮಗ. ಅಲ್ಲೇ ಪಕ್ಕದಲ್ಲಿ ಪೈಪೋಟಿ ಎಂಬ ಇನ್ನೊಂದು ಕಾಲಂ ಇರುತ್ತದೆ. ಅದು ಎಷ್ಟು ಜಾಹೀರಾತುದಾರರು ಹರಾಜಿನಲ್ಲಿದ್ದಾರೆ ಎಂಬುದರ ಗುರುತು. ಲೇಖನ ಬರೆದು ಮೇಲೆ ಬರುವುದು ಎಷ್ಟು ಕಷ್ಟ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಹೊಸಬರು ಮೊದಲು ಎಡವುವುದು ಇಲ್ಲೇ.

ಕನ್ನಡದಲ್ಲಿ ಹುಡುಕುವವರ ವಿಷಯಕ್ಕೆ ಬಂದರೆ ಎಡಿನ್‌ಬರೊ ಉಪಾಯ ಕೈಕೊಡುವ ಜಾಗ ಕಾಣುತ್ತದೆ. ಅದು ಓದುವುದು ಬಜಾರು ಕೊಟ್ಟ ಉತ್ತರವನ್ನು. ಬಜಾರು ಕನ್ನಡದಲ್ಲಿ ಬಾಯಿಯನ್ನೇ ತೆರೆಯದಿದ್ದರೆ? "ದೋಸೆ ಹಿಟ್ಟಿಗೆ ಯಾವ ಗ್ರೈಂಡರ್ ಒಳ್ಳೆಯದು" ಎಂದು ನಮ್ಮ ಲಿಪಿಯಲ್ಲಿ ಬರೆದಾಗ ಅಂಗಡಿಗಳು ಎದುರು ಬರದೆ ಅಡುಗೆ ವಿಡಿಯೊಗಳೇ ಸಾಲುಗಟ್ಟಿ ಬಂದರೆ, ಯಂತ್ರ ಇದನ್ನು ಕುತೂಹಲ ಎಂದು ಬರೆದುಕೊಳ್ಳುತ್ತದೆ. ಕೇಳಿದ ಹೆಂಗಸು ಮಾತ್ರ ದುಡ್ಡು ಕಟ್ಟಲು ಸಿದ್ಧವಾಗಿ ಕೂತಿರುತ್ತಾಳೆ. ಹರಾಜಿನ ದರದ ಕಾಲಂ ಕೂಡ ಖಾಲಿ ಇರುತ್ತದೆ, ಕೂಗುವವರಿಲ್ಲವಲ್ಲ. ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ ಕನ್ನಡದಲ್ಲಿ ಅಂಗಡಿ ತೆರೆದದ್ದು 2020ರಲ್ಲಿ. ಅದಕ್ಕೆ ಮೊದಲೂ ನಮ್ಮವರು ಮಿಕ್ಸಿ ಕೊಳ್ಳುತ್ತಿದ್ದರು.

ಆದ್ದರಿಂದ ಕನ್ನಡದಲ್ಲಿ ಈ ಕೆಲಸಕ್ಕೆ ಇಳಿಯುವವರಲ್ಲಿ ನನ್ನದೊಂದು ಕೋರಿಕೆ. ಪಟ್ಟಿಯಲ್ಲಿರುವ ಪದವನ್ನು ಒಮ್ಮೆ ನೀವೇ ಹುಡುಕಿ, ಬಂದ ಪುಟವನ್ನು ಪೂರ್ತಿ ಓದಿ. ಮೈಕ್ರೋಸಾಫ್ಟ್ ತಂಡದ ಯಂತ್ರ ಮಾಡಿದ್ದೂ ಅಷ್ಟೇ. ದರದ ಕಾಲಂ ಖಾಲಿ ಇದ್ದರೆ ಪದವನ್ನು ಎಸೆಯಬೇಡಿ. ಮನೆಯಲ್ಲಿ ಮೊನ್ನೆ ತಾನೇ ಯಾವುದೋ ಸಾಮಾನು ಕೊಂಡವರಿದ್ದರೆ ಕೇಳಿ ನೋಡಿ, ಕೊಳ್ಳುವ ಹಿಂದಿನ ದಿನ ಫೋನಿನಲ್ಲಿ ಏನೆಂದು ಬರೆದು ಹುಡುಕಿದ್ದಿರಿ ಅಂತ. ನಮ್ಮ ಅತ್ತಿಗೆಯನ್ನು ಕೇಳಿದ್ದೆ. ಗ್ರೈಂಡರ್ ಕೊಳ್ಳುವ ಹಿಂದಿನ ರಾತ್ರಿ ಅವರು ಬರೆದದ್ದು: "ಗ್ರೈಂಡರ್ ಕಲ್ಲು ತೊಳೆಯೋದು ಹೇಗೆ".